ಎರಡು ಒಂಬತ್ತನೆಯ ಕಲ್ಲುಗಳು

ಹುಮನಾಬಾದಿನಲ್ಲಿ ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಒಂದು ಫಲಕ ಇತ್ತು. ಕಲ್ಯಾಣಕ್ಕೆ ಹದಿನೇಳು ಮೈಲಿ ಎಂದು ಅದು ಹೇಳುತ್ತಿತ್ತು. ಕಲ್ಯಾಣದ ಕೋಟೆಯ ಮುಂದಿನ ಫಲಕ ಹುಮನಾಬಾದಿಗೆ ಹದಿನೆಂಟು ಮೈಲಿ ಎನ್ನುತ್ತಿತ್ತು. ಎರಡನ್ನೂ ಬರೆದವನು ನಾನೇ. ಈಗ ಎಲ್ಲರೂ ಬಸವಕಲ್ಯಾಣ ಎನ್ನುವ ಊರನ್ನು ನಾವು ಆಗ ಬರೀ ಕಲ್ಯಾಣ ಎನ್ನುತ್ತಿದ್ದೆವು, ಕಾಗದಪತ್ರಗಳಲ್ಲಿ ಕಲ್ಯಾಣಿ ಎಂದಿರುತ್ತಿತ್ತು. ಊರಿಗೇ ಎರಡು ಹೆಸರಿರುವಾಗ ದಾರಿಗೆ ಎರಡು ಅಳತೆ ಇದ್ದರೆ ಯಾರು ಕೇಳಬೇಕು ಎಂದುಕೊಂಡು ಸುಮ್ಮನೆ ಬರೆದಿದ್ದೆ.

ಕೇಳುವವರು ಇದ್ದರು. ನಡೆದು ಹೋಗುವವರು ಕೇಳುತ್ತಿದ್ದರು. ಹೋಗುವಾಗ ಹದಿನೇಳು, ಬರುವಾಗ ಹದಿನೆಂಟು ಆದರೆ ನಡುವಿನ ಆ ಒಂದು ಮೈಲಿ ಎಲ್ಲಿ ಇರುತ್ತದೆ? ರಾಜೇಶ್ವರ ದಾಟಿದ ಮೇಲೆ ಮರಗಳು ತೆಳುವಾಗಿ, ಎರಡೂ ಕಡೆ ಬರೀ ಎರೆಹೊಲ ಬರುವ ಜಾಗವೊಂದಿದೆ. ಅಲ್ಲಿ ಇರುತ್ತದೆ ಎಂದು ಜನ ಹೇಳುತ್ತಿದ್ದರು. ನನಗೆ ನಗು ಬರುತ್ತಿತ್ತು. ದಾರಿಯ ನಿಜವಾದ ಉದ್ದ ಹದಿನೇಳೂವರೆ ಮೈಲಿ. ಹುಮನಾಬಾದಿನ ಕಚೇರಿಯವರು ಆ ಅರ್ಧವನ್ನು ಕೈಬಿಟ್ಟಿದ್ದರು, ಕಲ್ಯಾಣದವರು ಅದನ್ನೇ ಪೂರ್ತಿ ಮಾಡಿದ್ದರು. ಲೆಕ್ಕ ಬಲ್ಲವನಿಗೆ ಅದರಲ್ಲಿ ದೆವ್ವ ಕಾಣುವುದಿಲ್ಲ ಎಂದು ನಾನು ಆಗ ತಿಳಿದಿದ್ದೆ.

ನನ್ನ ಕಸುಬು ಅಕ್ಷರ ಬರೆಯುವುದು. ಅಂಗಡಿಯ ಫಲಕ, ಮೋಟಾರಿನ ಹಣೆ, ಶಾಲೆಯ ಗೋಡೆ, ಯಾವುದಾದರೂ ಸರಿ. ಕನ್ನಡ, ಉರ್ದು, ಇಂಗ್ಲಿಷು ಮೂರನ್ನೂ ಒಂದೇ ಅಳತೆಯಲ್ಲಿ ಕೂರಿಸುವ ಕೈ ಆ ಎರಡು ಊರುಗಳಲ್ಲಿ ನನ್ನದೊಂದೇ ಇತ್ತು. ಅದರ ಸೊಕ್ಕೂ ಇತ್ತು. ಗೆರೆ ಹಾಕದೆ, ತಗಡಿನ ಅಚ್ಚು ಇಡದೆ, ನಾನು ಬರೆದ ಹತ್ತು ಒಂಬತ್ತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದಕ್ಕೊಂದು ಕೂದಲೆಳೆಯಷ್ಟೂ ಬೇರೆ ಇರುತ್ತಿರಲಿಲ್ಲ. ಒಂಬತ್ತನ್ನೇ ಏಕೆ ಹೇಳುತ್ತೇನೆಂದರೆ, ಮೈಲಿಗಲ್ಲಿನ ಮೇಲೆ ಉರ್ದು ಅಂಕಿ ಒಂದು, ಇಂಗ್ಲಿಷ್ ಅಂಕಿ ಒಂದು ಬರೆಯಬೇಕಾಗಿತ್ತು, ಅವೆರಡರಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುವ ಅಂಕಿ, ಒಂದನ್ನು ಬಿಟ್ಟರೆ, ಒಂಬತ್ತು.

ನಮ್ಮ ಅಕ್ಕನಿಗೆ ಅಂಕಿ ಕಲಿಸಿದವನೂ ನಾನೇ. ಅವಳು ನನಗಿಂತ ಬಹಳ ದೊಡ್ಡವಳು. ನಾನು ನಡೆಯಲು ಕಲಿಯುವ ಹೊತ್ತಿಗೆ ನಿರ್ಣಾಕ್ಕೆ ಮದುವೆಯಾಗಿ ಹೋಗಿದ್ದಳು. ಪಂಚಮಿಗೆ ಅವಳನ್ನು ಕರೆತರುವ ಕೆಲಸ ನನ್ನದು. ನಿರ್ಣಾದಿಂದ ಹುಮನಾಬಾದಿಗೆ, ಅಲ್ಲಿಂದ ಕಲ್ಯಾಣಕ್ಕೆ ಗಾಡಿ. ಆಗ ಹುಮನಾಬಾದಿನ ಕಡೆಯಿಂದ ಒಂಬತ್ತು ಕಲ್ಲುಗಳನ್ನು ಮಾತ್ರ ನೆಟ್ಟಿದ್ದರು. ಅಲ್ಲಿಗೆ ಸರ್ಕಾರದ ಹದ್ದು ಮುಗಿಯುತ್ತಿತ್ತು. ಮುಂದೆ ಜಹಗೀರಿನ ನೆಲ, ಅಲ್ಲಿ ಕಲ್ಲೇ ಇರಲಿಲ್ಲ. ಗಾಡಿಯಲ್ಲಿ ಕುಳಿತು ನಾನು ಒಂದೊಂದು ಕಲ್ಲನ್ನೂ ತೋರಿಸಿ ಹೇಳುತ್ತಿದ್ದೆ. ಉರ್ದುವಿನ ಏಳು ಎಂದರೆ ಬಾಯಿ ತೆರೆದ ಚೀಲ. ಎಂಟು ಎಂದರೆ ಗುಡಿಸಲಿನ ಮಾಡು. ಅಕ್ಷರ ಬಾರದ ಅಕ್ಕ ಎರಡೇ ಪ್ರಯಾಣದಲ್ಲಿ ಒಂಬತ್ತರ ತನಕ ಕಲಿತಳು.

"ಒಂಬತ್ತು ಬಂತಂದ್ರ ಅರ್ಧ ದಾರಿ ಆತು," ಎಂದು ಹೇಳಿಕೊಟ್ಟಿದ್ದೆ. "ಅಲ್ಲಿಂದ ಮುಂದ ಕಲ್ಲಿಲ್ಲ. ಅವ್ವನ ಮನೀನೇ."

ಅವಳಿಗೆ ಅದರಿಂದ ಎಷ್ಟು ಹಿಗ್ಗಾಗಿತ್ತು ಎಂದರೆ, ಮುಂದಿನ ವರ್ಷ ಗಾಡಿ ಹೊಡೆಯುವವನಿಗೇ ಅವಳು ಪಾಠ ಹೇಳುತ್ತಿದ್ದಳು. ನನ್ನ ಕೈಬರಹ ಅವಳಿಗೆ ಗುರುತಿತ್ತು. ಹುಮನಾಬಾದಿನ ಒಂದು ಅಂಗಡಿಯ ಮುಂದೆ ನಿಂತು, ಇದು ನಮ್ಮ ತಮ್ಮನ ಕೈಯಿನ ನಾಲ್ಕು, ಇದು ಮತ್ತ್ಯಾವನೋ ಬರೆದದ್ದು ಎಂದು ಬೇರೆ ಮಾಡಿ ಹೇಳಿದ್ದಳು.

ಆಮೇಲೆ ಮೂರು ವರ್ಷ ಅವಳು ಬರಲಿಲ್ಲ. ಕಾರಣ ನಾನೇ, ಆದರೆ ತಪ್ಪು ನನ್ನದಲ್ಲ. ಅಕ್ಕನ ಮಗಳನ್ನು ನನಗೆ ತಂದುಕೊಳ್ಳಬೇಕು ಎಂದು ಅವ್ವ ಆ ಹುಡುಗಿ ಹುಟ್ಟಿದ ದಿನವೇ ತೀರ್ಮಾನ ಮಾಡಿದ್ದಳು. ನಮ್ಮಲ್ಲಿ ಅದು ಹೇಳಿ ಕೇಳುವ ಮಾತೂ ಅಲ್ಲ. ಅಕ್ಕ ಮಾತ್ರ ಹುಡುಗಿಯನ್ನು ಹುಲಸೂರಿನ ಕಡೆಯ ಒಂದು ಮನೆಗೆ ಕೊಟ್ಟುಬಿಟ್ಟಳು. ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಹೆಗಲ ಮೇಲೆ ಹೊತ್ತು ಆಡಿಸಿದ ಹುಡುಗಿಗೆ ಗಂಡನಾಗಿ ಹೇಗಿರುವುದು? ಅವ್ವನಿಗೆ ಮಾತ್ರ ಅದು ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಮದುವೆಗೆ ಕರೆಯಲು ಅಕ್ಷತೆಯ ಅಕ್ಕಿ ಹಿಡಿದುಕೊಂಡು ಬಂದ ಅಕ್ಕನನ್ನು ಅಂಗಳದಲ್ಲೇ ನಿಲ್ಲಿಸಿ ಹೇಳಿದಳು.

"ನಾ ಕರೆಯೋ ತನಕ ಈ ಮನೀ ಹೊಸ್ತಿಲಾ ತುಳೀಬ್ಯಾಡ."

ಅಕ್ಕ ಅಕ್ಕಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದಳು. ಇಬ್ಬರದೂ ಒಂದೇ ಹಟ.

ಆ ಮೂರು ವರ್ಷಗಳ ನಡುವೆಯೇ ಜಹಗೀರಿನವರಿಗೂ ಕಲ್ಲು ನೆಡುವ ಮನಸ್ಸು ಬಂತು. ಅವರ ದಫ್ತರದಲ್ಲಿ ಈ ದಾರಿಗೆ ಬೇರೆ ಹೆಸರು. ನಮ್ಮದು ಹುಮನಾಬಾದಿನಿಂದ ಹೊರಟರೆ ಅವರದು ಕಲ್ಯಾಣದಿಂದ ಹೊರಡುವ ದಾರಿ. ಹಾಗಾಗಿ ಅವರು ಕೋಟೆಯ ಬಾಗಿಲಿನಿಂದ ಎಣಿಸಿಕೊಂಡು ಬಂದರು. ಒಂದು, ಎರಡು, ಮೂರು. ತಮಗೂ ಒಂಬತ್ತು ಬೇಕು ಎಂದು ಹದ್ದಿನ ಆಚೆಗೂ ಅರ್ಧ ಮೈಲಿ ಬಂದು ತಮ್ಮ ಒಂಬತ್ತನ್ನು ನೆಟ್ಟರು. ಎರಡು ಕಚೇರಿಗಳೂ ಒಂದನ್ನೊಂದು ಕೇಳಲಿಲ್ಲ. ಬರೆಯಲು ಮಾತ್ರ ಇಬ್ಬರೂ ನನ್ನನ್ನೇ ಕರೆದರು.

ಇದರಿಂದ ಆದದ್ದನ್ನು ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ. ಹುಮನಾಬಾದಿನಿಂದ ನಡೆದು ಬರುವವನಿಗೆ ಎಂಟನೆಯ ಕಲ್ಲಾದ ಅರ್ಧ ಮೈಲಿಗೆ ಒಂಬತ್ತು ಸಿಗುತ್ತದೆ. ಅದು ಕಲ್ಯಾಣದವರ ಒಂಬತ್ತು. ಇನ್ನರ್ಧ ಮೈಲಿಗೆ ಮತ್ತೆ ಒಂಬತ್ತು, ಅದು ಹುಮನಾಬಾದಿನವರದು. ಮತ್ತೂ ಅರ್ಧ ಮೈಲಿಗೆ ಎಂಟು. ಎಂಟು, ಒಂಬತ್ತು, ಒಂಬತ್ತು, ಎಂಟು. ಎಲ್ಲೂ ತಿರುಗದೆ ಮೂಗಿನ ನೇರಕ್ಕೆ ನಡೆದವನು ಹೋದ ದಾರಿಯಲ್ಲೇ ವಾಪಸು ಬಂದಿರುತ್ತಾನೆ, ಕಲ್ಲನ್ನು ನಂಬಿದರೆ. ನಡುವೆ ಒಂದು ಸಣ್ಣ ದಿನ್ನೆ ಇದೆ, ಒಂದು ಒಂಬತ್ತರ ಹತ್ತಿರ ನಿಂತರೆ ಇನ್ನೊಂದು ಕಾಣುವುದಿಲ್ಲ. ಎರಡಕ್ಕೂ ಒಂದೇ ಸುಣ್ಣ, ಒಂದೇ ಕಪ್ಪು ಬಣ್ಣ, ಒಂದೇ ಕೈ.

ನಾನು ಎರಡನೆಯ ಸಲದ ಬಣ್ಣ ಬಳಿಯಲು ಸೈಕಲ್ಲಿನ ಮೇಲೆ ಕಲ್ಯಾಣದಿಂದ ಹೋದ ದಿನ, ಈ ಕಲ್ಲುಗಳಿಂದ ದಿಕ್ಕು ತಪ್ಪಿ ಕುಳಿತವರಲ್ಲಿ ಮೊದಲನೆಯವನನ್ನು ನೋಡಿದೆ. ಹನ್ನೆರಡರ ಬಿಸಿಲು. ಹೊಸ ಎಂಟನೆಯ ಕಲ್ಲಿನ ಮಗ್ಗುಲಲ್ಲಿ, ನೆರಳಿಲ್ಲದ ಕಡೆ ಒಬ್ಬ ಮುದುಕ ಕುಳಿತಿದ್ದ. ಎಡಗಾಲಿನ ಜೋಡು ಬಲಗಾಲಿನಲ್ಲಿ, ಬಲಗಾಲಿನದು ಎಡಗಾಲಿನಲ್ಲಿ. ರುಮಾಲು ಒಳಮೈ ಹೊರಗಾಗಿ ಸುತ್ತಿದ್ದ. ನಾನು ಹತ್ತಿರ ಹೋದರೂ ತಲೆ ಹೊರಳಿಸಲಿಲ್ಲ.

"ನಿಂದ್ರು. ಎದುರಿಂದ ಬಂದಿಯೋ, ಹಿಂದಿಂದ ಬಂದಿಯೋ, ಅಷ್ಟು ಹೇಳು," ಎಂದ.

"ಕಲ್ಯಾಣದಿಂದ ಬರಾಕತ್ತೇನ್ರಿ ಕಾಕಾ. ಯಾಕ, ಏನಾಗ್ಯದ?"

"ಚಕವಾ ಹಿಡದದ. ಎಂಟು ದಾಟಿದೆ, ಒಂಬತ್ತು ದಾಟಿದೆ, ಮತ್ತ ಒಂಬತ್ತು ಬಂತು. ಈಗ ನೋಡು, ಎಂಟಕ್ಕ ಬಂದು ಕುಂತೀನಿ. ಮುಖ ಕಲ್ಯಾಣದ ಕಡೀಗೇ ಅದ, ಕಾಲು ಹುಮನಾಬಾದಿಗೆ ಹೊಂಟಾವ."

ಚಕವಾ ಎಂದರೆ ನಮ್ಮ ಕಡೆ ದಾರಿ ತಿರುಗಿಸುವ ದೆವ್ವ. ಅದು ಹಿಡಿದವರು ಮುಂದೆ ಒಂದು ಹೆಜ್ಜೆಯನ್ನೂ ಇಡಬಾರದು. ಇಟ್ಟರೆ ಬಾವಿಗೋ ಹಳ್ಳಕ್ಕೋ ಒಯ್ಯುತ್ತದೆ. ಜೋಡು ಅದಲುಬದಲು ಮಾಡಿ ಇದ್ದಲ್ಲೇ ಕೂಡಬೇಕು. ಎದುರಿನಿಂದ ಬಂದ ಮನುಷ್ಯರು ಯಾರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಏಳಬೇಕು. ಕಣ್ಣಿಗೆ ಮನುಷ್ಯ ಕಾಣದೆ ಬರೀ ದನಿ ಕೇಳಿದರೆ ಅದು ಚಕವಾದ್ದೇ, ಅದಕ್ಕೆ ಓಗೊಡಬಾರದು. ಇದನ್ನು ನಾವೆಲ್ಲ ತೊಟ್ಟಿಲಿನಲ್ಲೇ ಕಲಿತಿದ್ದೇವೆ.

ಆ ಮುದುಕ ಕೊಡಂಬಲದವನು. ಅವನ ಹೆಸರು ಕೇಳಿ, ಕರೆದು, ಎಬ್ಬಿಸಿ ಕಳಿಸಿದೆ. ಅವನು ದೂರ ಹೋಗುವ ತನಕ ತಡೆದುಕೊಂಡು ಆಮೇಲೆ ಹೊಟ್ಟೆ ಹಿಡಿದು ನಕ್ಕೆ. ಮನೆಯಲ್ಲಿ ಅವ್ವನ ಮುಂದೆ ಜೋಡು ಅದಲುಬದಲು ಹಾಕಿಕೊಂಡು ಅವನ ಹಾಗೆ ಕುಳಿತು ತೋರಿಸಿದೆ. ಅವ್ವ ನಗಲಿಲ್ಲ.

"ದಾರ್ಯಾಗ ಕುಂತವರ ಅಣಕ ಮಾಡಬ್ಯಾಡ," ಎಂದಳು ಅಷ್ಟೇ.

ಅಲ್ಲಿಂದ ಮುಂದೆ ಆ ಜಾಗದಲ್ಲಿ ಆಗಾಗ ಜನ ಕುಳಿತಿರುತ್ತಿದ್ದರು. ಸೈಕಲ್ಲಿನ ಮೇಲೆ ಹೋಗುವಾಗ ದೂರದಿಂದಲೇ ಕಾಣಿಸುತ್ತಿತ್ತು. ಬಿಸಿಲಿನಲ್ಲಿ ಒಬ್ಬಳು ಹೆಂಗಸು, ಇನ್ನೊಂದು ದಿನ ಗಂಡ ಹೆಂಡತಿ, ಒಬ್ಬರಿಗೊಬ್ಬರು ಮಾತಿಲ್ಲದೆ ಕಲ್ಯಾಣದ ಕಡೆ ಮುಖ ಮಾಡಿ. ಬಂದವರನ್ನು ಅವರು ನೋಡುತ್ತಿದ್ದ ನೋಟ ಬೇರೆಯೇ ಇರುತ್ತಿತ್ತು. ನೀನು ಮನುಷ್ಯನೋ ಅಲ್ಲವೋ ಎಂದು ತೂಗಿ ನೋಡುವ ನೋಟ ಅದು. ಬರಬರುತ್ತ ಹಾದು ಹೋಗುವವರಿಗೂ ಅದೇ ಸಂಶಯ ಶುರುವಾಯಿತು. ಕುಳಿತವರು ಮನುಷ್ಯರೇ ಎಂದು ಹೇಗೆ ನಂಬುವುದು? ಗಾಡಿಯವರು ಅಲ್ಲಿ ಎತ್ತಿನ ಬಾಲ ಮುರಿದು ಓಡಿಸುತ್ತಿದ್ದರು. ಮೋಟಾರಿನವರು ಕೈ ಮಾಡಿದರೂ ನಿಲ್ಲಿಸುತ್ತಿರಲಿಲ್ಲ. ಅಂಕಿ ಬಾರದವರಿಗೆ ಮಾತ್ರ ಅಲ್ಲಿ ಏನೂ ಆಗುತ್ತಿರಲಿಲ್ಲ, ಅವರು ಎಲೆ ಅಡಿಕೆ ಜಗಿಯುತ್ತ ಹಾಯಾಗಿ ದಾಟುತ್ತಿದ್ದರು.

ನಗು ಕಡಿಮೆಯಾದ ಮೇಲೆ ನಾನು ಹುಮನಾಬಾದಿನ ಕಚೇರಿಯ ಮುನ್ಶಿಯ ಹತ್ತಿರ ಹೋಗಿ ಸಂಗತಿ ಹೇಳಿದೆ. ಯಾವುದಾದರೂ ಒಂದು ಕಲ್ಲಿನ ಮೇಲೆ ಊರಿನ ಹೆಸರನ್ನಾದರೂ ಬರೆಯೋಣ, ಇಲ್ಲವೇ ಒಂದು ಬಾಣದ ಗುರುತು ಹಾಕೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹುಮನಾಬಾದಿನಿಂದ ಎಣಸಿದ್ರ ನಮ್ಮದು ಒಂಬತ್ತು ಹೌದಲ್ಲೋ?"

"ಹೌದ್ರಿ."

"ಕಲ್ಯಾಣದಿಂದ ಎಣಸಿದ್ರ ಅವರದು ಒಂಬತ್ತು ಹೌದಲ್ಲೋ?"

"ಹೌದ್ರಿ."

"ಎರಡೂ ಸರಿ ಅವ. ಸರಿ ಇದ್ದದ್ದು ಏನಂತ ತಿದ್ದಲಿ?"

ಹುಕುಂ ಇಲ್ಲದೆ ಒಂದು ಚುಕ್ಕೆ ಇಟ್ಟರೂ ಕೆಲಸ ಹೋಗುತ್ತದೆ ಎಂದು ಅವರು ಸೇರಿಸಿದರು. ನಾನು ಅಷ್ಟಕ್ಕೇ ಬಿಟ್ಟೆ. ನಿಜ ಹೇಳಬೇಕೆಂದರೆ ನನ್ನ ಅಚ್ಚುಕಟ್ಟಾದ ಕಲ್ಲಿನ ಮೇಲೆ ಬಾಣ ಗೀಚುವುದು ನನಗೂ ಬೇಕಾಗಿರಲಿಲ್ಲ.

ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲು ಸುಟ್ಟುಕೊಂಡು ಓಡುತ್ತಿದ್ದವು, ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಜೋಳದ ರಾಶಿಯ ದಿನಗಳಲ್ಲಿ ಅವ್ವ ಹಾಸಿಗೆ ಹಿಡಿದಳು. ವಾರದಲ್ಲಿ ಮೈ ಅರ್ಧಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಗಂಜಿಯ ಬಟ್ಟಲನ್ನು ಸರಿಸಿ, "ಆಕೀಗೆ ಹೇಳಿ ಕಳಸು," ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ನಿರ್ಣಾದ ಕಡೆಗೆ ಹೊರಟಿದ್ದ ಬಳೆಗಾರನ ಕೈಯಲ್ಲಿ ಹೇಳಿ ಕಳಿಸಿದೆ. ಅವ್ವ ಕರೆಯುತ್ತಿದ್ದಾಳೆ, ಕೂಡಲೇ ಬಾ.

ಅವಳು ಬರುವಳೋ ಇಲ್ಲವೋ ನನಗೆ ತಿಳಿದಿರಲಿಲ್ಲ. ನಾಲ್ಕನೆಯ ದಿನ ಮುಂಜಾನೆ, ರಾತ್ರಿ ಟಪಾಲಿನೊಡನೆ ಹುಮನಾಬಾದಿನಿಂದ ಬಂದ ಒಬ್ಬ ಅಂಚೆಯವನು ನಮ್ಮ ಬಾಗಿಲಿಗೆ ನಿಂತು, ನಿನ್ನೆ ಸಂಜೆ ನಿಮ್ಮ ಅಕ್ಕ ಹುಮನಾಬಾದಿಗೆ ಬಂದಿದ್ದಾರೆ, ಎತ್ತುಗಳು ರಾಶಿಗೆ ಹೋಗಿವೆಯಂತೆ, ಇವತ್ತು ನಸುಕಿನಲ್ಲಿ ನಡೆದೇ ಹೊರಡುತ್ತೇನೆ ಅಂದರು ಎಂದು ಹೇಳಿ ಹೋದ. ನಾನು ಅವ್ವನ ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳಿದೆ. ಅವ್ವನ ಮುಖದಲ್ಲಿ ಆ ವಾರದಲ್ಲಿ ಮೊದಲ ಸಲ ಜೀವ ಬಂತು. ತಲೆ ಬಾಚು ಎಂದಳು. ಪಕ್ಕದ ಮನೆಯ ಚಿಕ್ಕವ್ವ ಬಂದು ಬಾಚಿದಳು.

ಮಧ್ಯಾಹ್ನದ ತನಕ ಅವ್ವ ಚೆನ್ನಾಗಿದ್ದಳು. ಬಂದಳೇನು ಎಂದು ಕೇಳುವುದು, ನಾನು ಬರುತ್ತಿದ್ದಾಳೆ ಎನ್ನುವುದು.

"ಈಗ ಎಲ್ಲಿ ಇರ್ತಾಳ?" ಎಂದು ಒಮ್ಮೆ ಕೇಳಿದಳು.

"ಒಂಬತ್ತನೇ ಕಲ್ಲು ದಾಟಿರ್ತಾಳ ಬಿಡವ್ವಾ."

ಜಹಗೀರಿನ ಕಲ್ಲುಗಳನ್ನು ಅಕ್ಕ ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಅವಳ ಲೆಕ್ಕದಲ್ಲಿ ಒಂಬತ್ತಾದ ಮೇಲೆ ಕಲ್ಲಿಲ್ಲ. ಆ ಲೆಕ್ಕ ನಾನು ಕೊಟ್ಟದ್ದು.

ಸೈಕಲ್ಲು ಅಂಗಳದಲ್ಲೇ ಇತ್ತು. ಒಂದು ತಾಸು ತುಳಿದರೆ ಅಲ್ಲಿಗೆ ಮುಟ್ಟುತ್ತಿದ್ದೆ. ಎದ್ದೆ ಕೂಡ. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳುವಷ್ಟು ಬಲ ಅದರಲ್ಲಿ ಇರಲಿಲ್ಲ, ಆದರೂ ನಾನು ಬಿಡಿಸಿಕೊಳ್ಳಲಿಲ್ಲ. ನಾನು ಹೋದಾಗ ಇಲ್ಲಿ ಏನಾದರೂ ಆದರೆ ಎಂದು ಹೆದರಿದೆ. ಅಕ್ಕ ಆ ಕೊಡಂಬಲದ ಮುದುಕನಷ್ಟು ದಡ್ಡಿಯಲ್ಲ ಎಂದು ಧೈರ್ಯ ಹೇಳಿಕೊಂಡೆ. ಮತ್ತೆ ಕುಳಿತೆ. ನನ್ನ ಬದುಕಿನಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೀಗೆ ಮತ್ತೆ ಕುಳಿತದ್ದೇ ದೊಡ್ಡದು.

ಬಿಸಿಲು ಅಂಗಳ ದಾಟಿ ಎದುರಿನ ಗೋಡೆ ಹತ್ತಿತು. ಅಕ್ಕ ಬರುವ ಹೊತ್ತು ಬಂದು ಹೋಯಿತು. ಚಿಕ್ಕವ್ವ ನೀರು ತರಲು ಹೋಗಿದ್ದಳು, ಒಳಗೆ ನಾವಿಬ್ಬರೇ. ಕಣ್ಣು ಮುಚ್ಚಿ ಮಲಗಿದ್ದ ಅವ್ವ ಇದ್ದಕ್ಕಿದ್ದಂತೆ ತಲೆ ಎತ್ತಿ, ಬಾಗಿಲಿನ ಕಡೆ ನೋಡಿ, ಅಕ್ಕನನ್ನು ಹೆಸರು ಹಿಡಿದು ಕರೆದಳು. ಊರಿನವರು ಕರೆಯುವ ಹೆಸರಲ್ಲ. ಅವಳು ಕೂಸಾಗಿದ್ದಾಗ ಅವ್ವ ಇಟ್ಟಿದ್ದ, ಅವ್ವನ ಬಾಯಿಂದ ಬಿಟ್ಟರೆ ಬೇರೆಲ್ಲೂ ನಾನು ಕೇಳದ ಹೆಸರು. ಆ ದನಿ ಕಾಯಿಲೆಯವಳದಲ್ಲ. ಹೊಲದ ಆಚೆಯ ಬದುವಿಗೆ ನಿಂತವರನ್ನು ಊಟಕ್ಕೆ ಕರೆಯುವ ದನಿ ಅದು. ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದಳು. ಇನ್ನೊಮ್ಮೆ ಕರೆದಳು. ಆಮೇಲೆ ತಲೆ ಇಳಿಸಿದಳು. ದನ ಮನೆಗೆ ಬರುವ ಹೊತ್ತಿಗೆ ಉಸಿರು ನಿಂತಿತ್ತು.

ಅಯ್ಯನವರು ಬಂದರು. ನಮ್ಮ ಪದ್ಧತಿಯಂತೆ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ದೀಪ ಇಟ್ಟರು. ಪಡಸಾಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಜೊತೆಯಲ್ಲಿ ಒಬ್ಬ ಮುದುಕ ಪಿಂಜಾರ, ಹೆಗಲ ಮೇಲೆ ಹತ್ತಿ ಎಕ್ಕುವ ಬಿಲ್ಲು. ಅವಳ ಎಡಗಾಲಿನ ಜೋಡು ಬಲಗಾಲಿನಲ್ಲಿತ್ತು. ಅಂಗಳದಲ್ಲಿ ನಿಂತಿದ್ದ ಜನ ದಾರಿ ಬಿಟ್ಟರು, ಯಾರೂ ಏನೂ ಹೇಳಲಿಲ್ಲ. ಅವಳಿಗೆ ತಿಳಿದಿರಬೇಕು ಎಂದುಕೊಂಡರು. ನಾನೂ ಹಾಗೆಯೇ ಎಂದುಕೊಂಡೆ. ಅವಳು ಹೊಸ್ತಿಲ ತನಕ ಬಂದು ನಿಂತಳು. ಒಳಗೆ ಅವ್ವ ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು, ಬಾಗಿಲನ್ನೇ ನೋಡುತ್ತ ಕುಳಿತಿದ್ದಾಳೆ.

"ಬಂದೀನವ್ವಾ," ಎಂದಳು ಅಕ್ಕ.

ಕಾದಳು.

"ತಡಾ ಆತು. ಬೇಕಂತ ಮಾಡಿಲ್ಲ. ಒಳಗ ಬಾ ಅನ್ನು."

ಅವಳು ಹೊಸ್ತಿಲು ತುಳಿಯದೆ ನಿಂತೇ ಇದ್ದಳು. ಅವ್ವ ನೋಡುತ್ತಲೇ ಇದ್ದಳು. ನಾನು ಎದ್ದು ಹೋಗಿ ಅಕ್ಕನ ತೋಳು ಹಿಡಿದಾಗ ಅವಳು ನನ್ನ ಮುಖ ನೋಡಿದಳು, ಅವ್ವನ ಮುಂದಿನ ದೀಪ ನೋಡಿದಳು. ಆಗ ತಿಳಿಯಿತು ಅವಳಿಗೆ.

ಪಿಂಜಾರ ಅಂಗಳದ ತುದಿಯಲ್ಲಿ ನಿಂತು ನಡೆದದ್ದನ್ನು ಹೇಳಿದ. ಅವನು ಕಲ್ಯಾಣದಿಂದ ರಾಜೇಶ್ವರಕ್ಕೆ ಹೊರಟಿದ್ದವನು.

"ಪತ್ಥರ್ ಹತ್ರ ಕುಂತಿದ್ರು ನೋಡ್ರಿ. ನಾಕೈದು ಗಾಡಿ ಹೋದವಂತ, ಒಬ್ಬರೂ ಮಾತಾಡಿಸಿಲ್ಲ. ನನಗ ಓದಾಕ ಬರಂಗಿಲ್ಲ, ಪತ್ಥರ್ ಅಂದ್ರ ಪತ್ಥರ್. ಹೆಸರು ಏನಮ್ಮಾ ಅಂದೆ. ಹೇಳಿದ್ರು. ಆ ಹೆಸರು ಹಿಡಿದು ಕರದೆ, ಎದ್ರು. ಒಬ್ಬರನ್ನ ಬಿಡಾಕ ದಿಲ್ ಆಗಲಿಲ್ಲ, ತಿರುಗಿ ಬಂದೆ."

ಹನ್ನೊಂದಕ್ಕೆ ಕುಳಿತವಳು ಬಿಸಿಲು ಇಳಿಯುವ ತನಕ ಕುಳಿತಿದ್ದಳು. ಎದ್ದು ನಡೆದಿದ್ದರೆ ಎರಡೂವರೆ, ಮೂರಕ್ಕೆಲ್ಲ ಬಾಗಿಲಿಗೆ ಬರುತ್ತಿದ್ದಳು. ಅವ್ವ ಆಗ ಎಚ್ಚರವಾಗಿದ್ದಳು.

ಮಣ್ಣು ಕೊಟ್ಟ ಮೇಲೆ ಅಕ್ಕ ನನ್ನ ಹತ್ತಿರ ಒಂದೇ ಮಾತು ಹೇಳಿದಳು. "ಅವ್ವಗ ನಾ ಬರೂದು ಬ್ಯಾಡಾಗಿತ್ತು. ಬಾಯಿಲೆ ಕರದಳು, ಮನಸಿನಾಗ ಸಿಟ್ಟು ಇತ್ತು. ಅದಕ್ಕ ದಾರ್ಯಾಗ ಕೂಡಿಸಿದಳು." ನಾನು ಹೇಳಬೇಕಾಗಿತ್ತು. ಎರಡು ಕಲ್ಲು, ಎರಡು ಕಚೇರಿ, ಒಂದು ಕೈ, ಇಷ್ಟೇ ಅಲ್ಲವೇ? ಹೇಳಲಿಲ್ಲ. ನಾನು ಬರೆದ ಅಂಕಿಯಿಂದ ಅವಳು ಜೀವವಿದ್ದ ಅವ್ವನ ಮುಖ ನೋಡಲಿಲ್ಲ ಎನ್ನುವುದಕ್ಕಿಂತ, ಸತ್ತವಳ ಸಿಟ್ಟಿನಿಂದ ಎಂದಿರಲಿ ಎನ್ನುವಷ್ಟು ಹೇಡಿಯಾದೆ. ನಾಚಿಕೆಯಾಗುತ್ತದೆ ಬರೆಯಲು. ಅವಳು ನಿರ್ಣಾಕ್ಕೆ ಹೋದಳು, ಮತ್ತೆ ಆ ದಾರಿ ತುಳಿಯಲಿಲ್ಲ. ನಾನು ಪಂಚಮಿಗೆ ಸೀರೆ ಕೊಟ್ಟು ಬರುತ್ತಿದ್ದೆ. ಅವ್ವನ ಮಾತು ಬಂದರೆ ಎದ್ದು ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಆಳುವವರು ಬದಲಾದರು, ಜಹಗೀರು ಹೋಯಿತು. ಎರಡು ದಫ್ತರಗಳು ಒಂದಾದವು, ದಾರಿಗೆ ಒಂದೇ ಹೆಸರು, ಒಂದೇ ಎಣಿಕೆ ಎಂದು ಹುಕುಂ ಬಂತು. ಕಲ್ಯಾಣದವರ ಒಂಬತ್ತನ್ನು ಕೀಳುವ ದಿನ ನಾನು ಅಲ್ಲಿದ್ದೆ. ಇಬ್ಬರು ಕೂಲಿಗಳು ಹಾರೆ ಹಾಕಿ ಎಬ್ಬಿಸಿದರು. ಬುಡದಲ್ಲಿ ಹಳೆಯ ಒಂದು ಜೋಡು ಸಿಕ್ಕಿತು, ಯಾರದೋ, ಯಾವ ದಿನದ್ದೋ. ಕೂಲಿಗಳು ಅದನ್ನು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಆ ವಾರವೇ ನಿರ್ಣಾಕ್ಕೆ ಹೋದೆ.

ಅಕ್ಕ ಪಡಸಾಲೆಯಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಬೆರಳಿನಿಂದ ನೆಲದ ಮೇಲೆ ದಾರಿಯ ಗೆರೆ ಎಳೆದು, ತೊಗರಿ ಕಾಳಿಟ್ಟು, ಇದು ಅವರ ಒಂಬತ್ತು, ಇದು ಇವರ ಒಂಬತ್ತು, ನೀ ಕುಂತದ್ದು ಇಲ್ಲಿ ಎಂದು ತೋರಿಸಿದೆ. ಅವಳು ಕಾಳುಗಳನ್ನೇ ನೋಡುತ್ತಿದ್ದಳು.

"ಅಂದ್ರ ಚಕವಾ ಅಲ್ಲ."

"ಅಲ್ಲಕ್ಕಾ. ಎರಡೂ ನನ್ನ ಕೈಯಿಂದವ. ಹೇಳೂದು ತಡಾ ಮಾಡಿದೆ."

"ಅವ್ವ ನನ್ನ ತಡೀಲಿಲ್ಲ."

"ಇಲ್ಲ. ತಲಿ ಬಾಚಿಸಿಕೊಂಡು ಕಾದಿದ್ದಳು ನಿನ್ನ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ನೆಲದ ಮೇಲಿನ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಹಂಗಾದ್ರ ಅವತ್ತು ನನ್ನ ಕರದಾಕಿ ಯಾರು?"

"ಯಾರು 'ಕರದಾಕಿ'? ಪಿಂಜಾರ ಕರದನಲ್ಲ?"

"ಅವ ಬರೂಕ್ಕಿಂತ ಮೊದಲ. ಕಲ್ಯಾಣದ ಕಡಿಂದ. ದಾರಿ ಮ್ಯಾಲ ಒಂದು ನರಪಿಳ್ಳೆ ಇರ್ಲಿಲ್ಲ. ನಾ ಕೂಸಿದ್ದಾಗ ಅವ್ವ ಕರೀತಿದ್ದಳಲ್ಲ, ಆ ಹೆಸರ ಹಿಡದು."

ಅವ್ವ ಸಾಯುವ ಮುನ್ನ ಹಾಗೆ ಕರೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಚಿಕ್ಕವ್ವನಿಗೂ ಹೇಳಿರಲಿಲ್ಲ. ಆ ಕಲ್ಲಿನಿಂದ ನಮ್ಮ ಮನೆಗೆ ಎಂಟು ಮೈಲಿ. ಅದರ ಅಂಕಿ ಬರೆದವನು ನಾನು, ನನಗೆ ಗೊತ್ತು.

"ನೀ ಮಗ್ಗಲದಾಗ ಇದ್ದೆಲ್ಲ. ಹೇಳು, ಅವ್ವ ಕರದಳೇನು?"

"ಕರದಳು."

"ಎಷ್ಟು ಸಲ?"

"ಎರಡು ಸಲ."

ಅಕ್ಕ ಮೊರವನ್ನು ಪಕ್ಕಕ್ಕೆ ಇಟ್ಟಳು. ಅವಳ ಮುಖದಲ್ಲಿ ಇಷ್ಟು ವರ್ಷ ಇದ್ದ ಬಿಗುವು ಸಡಿಲಾಗಿ, ಅದರ ಜಾಗದಲ್ಲಿ ನಾನು ಹಿಂದೆಂದೂ ನೋಡದ ಒಂದು ನೋವು ಬಂತು. ಹೇಳಬಾರದಾಗಿತ್ತು ಎಂದು ನನಗೆ ಆಗ ಅನಿಸಿತು.

"ನನಗ ಒಂದೇ ಸಲ ಕೇಳಿತ್ತು," ಎಂದಳು. "ಚಕವಾ ಅಂತ ಕಿವಿ ಮುಚ್ಚಿಕೊಂಡೆ."